ಎಡಪುಟದಲ್ಲಿ ಅವರ ಮಾತು, ಬಲಪುಟದಲ್ಲಿ ನನ್ನ ಲೆಕ್ಕ

ನಮ್ಮ ಮನೆತನದ ವಂಶಾವಳಿಯನ್ನು ಸಿದ್ಧಪಡಿಸಲು ತೊಡಗಿ ಹನ್ನೊಂದು ವರ್ಷಗಳಾದವು. ಬಳೇಪೇಟೆಯಿಂದ ಬಸವನಗುಡಿಗೆ ಬಂದು ನೆಲೆಸಿದ ಕುಟುಂಬ ನಮ್ಮದು. ಮೊದಲ ಎರಡು ವರ್ಷಗಳಲ್ಲಿ ಬರೆದಿಟ್ಟುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮತ್ತೆ ಮೊದಲಿನಿಂದ ಪರಿಶೀಲಿಸಬೇಕಾಯಿತು. ವಿಷಯವನ್ನು ಬರೆದುಕೊಂಡಿದ್ದೆನೇ ಹೊರತು ಅದನ್ನು ಹೇಳಿದವರು ಯಾರು, ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನು ಬರೆದುಕೊಂಡಿರಲಿಲ್ಲ.

ಆ ತಪ್ಪು ಮನವರಿಕೆಯಾದದ್ದು ತಾತನ ಜನ್ಮವರ್ಷದಿಂದ. ನನ್ನ ಪುಸ್ತಕದಲ್ಲಿ 1901 ಎಂದಿತ್ತು, ಅವರ ಶಾಲೆಯ ದಾಖಲೆಯಲ್ಲಿ 1904 ಎಂದಿತ್ತು. ಶಾಲೆಗೆ ಸೇರಿಸುವಾಗ ವಯಸ್ಸನ್ನು ಅಂದಾಜಿನಲ್ಲಿ ಬರೆಸುವುದು ಆ ಕಾಲದಲ್ಲಿ ಅಪರೂಪವೇನಲ್ಲ. ಆದರೆ 1901 ಎಂಬುದು ಎಲ್ಲಿಂದ ಬಂತೆಂದು ನನಗೇ ತಿಳಿಯಲಿಲ್ಲ. ಕೇಳೋಣವೆಂದರೆ ಸೋದರತ್ತೆ ಆಗಲೇ ತೀರಿಕೊಂಡಿದ್ದರು. ಅವರ ಟ್ರಂಕಿನಲ್ಲಿ ತಾತನ ಜಾತಕ ಸಿಕ್ಕಿ, ಅದರಲ್ಲಿ 'ಶಾಲಿವಾಹನ ಶಕ 1823, ಪ್ಲವ ಸಂವತ್ಸರ, ಮಾಘ ಮಾಸ' ಎಂದು ಓದಿದಾಗ, 'ಅಪ್ಪ ಹುಟ್ಟಿದ್ದು ಪ್ಲವ ಸಂವತ್ಸರದ ಮಾಘದಲ್ಲಿ ಕಣೋ' ಎಂದು ಅತ್ತೆ ಹೇಳಿದ್ದು ನೆನಪಾಯಿತು. ಅವರು ಸರಿಯಾಗಿಯೇ ಹೇಳಿದ್ದರು. ಪ್ಲವ ಶುರುವಾದದ್ದು 1901ರ ಯುಗಾದಿಗೆ ಎಂಬಷ್ಟನ್ನೇ ನೋಡಿ, ಅದರ ಮಾಘ ಬರುವುದು 1902ರಲ್ಲಿ ಎಂಬುದನ್ನು ಗಮನಿಸದೆ, ಅವರ ಮಾತನ್ನು ಕೈಬಿಟ್ಟು ನನ್ನ ತಪ್ಪು ಲೆಕ್ಕವನ್ನು ಮಾತ್ರ ಉಳಿಸಿಕೊಂಡವನು ನಾನು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಮೊಮ್ಮಗನಿಗೆ ತಾತನ ಹೆಸರನ್ನೇ ಇಡುವ ನಮ್ಮಂಥ ಮನೆಗಳಲ್ಲಿ ಇಂಥ ತಪ್ಪು ಒಬ್ಬರ ಬದುಕನ್ನು ಇನ್ನೊಬ್ಬರ ತಲೆಗೆ ಕಟ್ಟಿಬಿಡಬಲ್ಲದು.

ಅಂದಿನಿಂದ ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಎಡಪುಟವನ್ನು ಕೇಳಿದ, ಕಂಡ ಮಾತಿಗೂ ಬಲಪುಟವನ್ನು ನನ್ನ ಲೆಕ್ಕ ಮತ್ತು ಊಹೆಗೂ ಮೀಸಲಿಟ್ಟಿದ್ದೇನೆ. ಎಡಪುಟವನ್ನು ಶಾಯಿಯಲ್ಲಿ ಬರೆಯುತ್ತೇನೆ, ಬರೆದ ಮೇಲೆ ತಿದ್ದುವುದಿಲ್ಲ, ಬಲಪುಟ ಪೆನ್ಸಿಲಿನದು. ಹಿರಿಯರೊಬ್ಬರು 'ಪ್ಲೇಗಿನ ವರ್ಷ' ಎಂದರೆ ಎಡಕ್ಕೆ ಅಷ್ಟೇ ಬರೆಯುತ್ತೇನೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ಆದರೆ ಮುಂದಿನ ವರ್ಷಗಳಲ್ಲೂ ಅದು ಮರುಕಳಿಸಿತು. ಹೀಗಾಗಿ 1898 ಎಂಬುದು ಬಲಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಮಾತ್ರ ಇರಬೇಕು. ಊರು, ಬೀದಿಗಳ ಹೆಸರಿಗೂ ಇದೇ ಕ್ರಮ. ದಾಖಲೆಯಲ್ಲಿ ಬ್ಲ್ಯಾಕ್‌ಪಲ್ಲಿ ಎಂದಿದ್ದರೆ ಎಡಕ್ಕೆ ಬ್ಲ್ಯಾಕ್‌ಪಲ್ಲಿ, ಬಲಕ್ಕೆ ಶಿವಾಜಿನಗರ.

ಹೆಚ್ಚು ಎಚ್ಚರ ಬೇಡುವುದು ನಮ್ಮ ಸಂಬಂಧವಾಚಕಗಳು. 'ಮಾವ' ಎಂದರೆ ತಾಯಿಯ ತಮ್ಮನೋ, ಗಂಡನ ತಂದೆಯೋ, ಅತ್ತೆಯ ಗಂಡನೋ? 'ದೊಡ್ಡಪ್ಪ' ಎಂದರೆ ತಂದೆಯ ಅಣ್ಣನೋ, ದೊಡ್ಡಮ್ಮನ ಗಂಡನೋ? ನಮ್ಮ ಅಜ್ಜಿ ತನ್ನ ಸೋದರಮಾವನನ್ನೇ ಮದುವೆಯಾದವರಾದ್ದರಿಂದ, ಅವರ ತವರಿನವರು ಹೇಳುವ ಒಬ್ಬನೇ ವ್ಯಕ್ತಿ ಎರಡು ಕಡೆ ಎರಡು ಹೆಸರಿನಿಂದ ಬರುತ್ತಾನೆ, ಮತ್ತು ನಾನು ಬಹಳ ದಿನ ಅವರನ್ನು ಇಬ್ಬರೆಂದೇ ಎಣಿಸಿದ್ದೆ. ಈಗ 'ಯಾರಿಗೆ ಮಾವ?' ಎಂದು ಅಲ್ಲಿಯೇ ಕೇಳಿ, ಮಾತನಾಡಿದವರ ಹೆಸರು, ವಯಸ್ಸು, ದಿನಾಂಕಗಳೊಡನೆ ಬರೆದುಕೊಳ್ಳುತ್ತೇನೆ. ಒಂದೇ ಹೆಸರಿನವರಿಗೆ ಕ್ರಮಸಂಖ್ಯೆ ಕೊಟ್ಟಿದ್ದೇನೆ.

ಕ್ರಯಪತ್ರ, ವಿಭಾಗಪತ್ರಗಳಿಂದ ಬರೆದುಕೊಳ್ಳುವಾಗ ದಸ್ತಾವೇಜಿನ ಸಂಖ್ಯೆ, ವರ್ಷ, ಸಂಪುಟ, ಪುಟಗಳನ್ನು ಮೊದಲು ಬರೆಯುತ್ತೇನೆ. ಚಕ್ಕುಬಂದಿಯನ್ನು, ಎಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರವನ್ನು, ಮೊದಮೊದಲು ಬಿಟ್ಟುಬಿಡುತ್ತಿದ್ದೆ. ನಮಗೆ ಬೇಕಾದದ್ದು ನಮ್ಮವರ ಹೆಸರಲ್ಲವೇ ಎಂಬ ಭಾವನೆ. ಬಳೇಪೇಟೆಯ ಮನೆಯ ಪತ್ರವನ್ನು ಎರಡನೆಯ ಸಲ ತರಿಸಿ ಓದಿದಾಗ, ಉತ್ತರಕ್ಕಿದ್ದ ಮನೆ ಮುತ್ತಜ್ಜಿಯ ಅಣ್ಣನದೆಂದು ತಿಳಿಯಿತು. ಆ ಹೆಸರು ಬೇರೆ ಎಲ್ಲಿಯೂ ಸಿಕ್ಕಿರಲಿಲ್ಲ.

ಹುಡುಕಿಯೂ ಸಿಗದಿದ್ದನ್ನು ಸಹ ಬರೆಯುತ್ತೇನೆ: ಯಾವ ಕಚೇರಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಹೆಸರಿನ ಯಾವ ಯಾವ ರೂಪಗಳು. ಬೆಂಗಳೂರಿನಲ್ಲಿ ಇದು ಇನ್ನೂ ಅಗತ್ಯ. ಬ್ರಿಟಿಷರ ಆಡಳಿತದಲ್ಲಿದ್ದ ದಂಡುಪ್ರದೇಶ (ಕಂಟೋನ್ಮೆಂಟ್) ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ, ಪೇಟೆಯೂ ದಂಡೂ ಒಂದೇ ನಗರಸಭೆಯಡಿ ಬಂದದ್ದು 1949ರಲ್ಲಿ. ಅದಕ್ಕೆ ಮೊದಲು ಎರಡರ ಆಡಳಿತವೂ ಬೇರೆ, ಕಾಗದಪತ್ರಗಳೂ ಬೇರೆ. ದಂಡಿನಲ್ಲಿ ಅಂಗಡಿ ಇಟ್ಟಿದ್ದ ಚಿಕ್ಕತಾತನನ್ನು ಪೇಟೆಯ ಕಡತಗಳಲ್ಲಿ ಎರಡು ಸಲ ಹುಡುಕಿದ್ದೆ. ಮೊದಲ ಸಲದ ವಿವರ ಬರೆದಿಟ್ಟಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲ.

ಮುತ್ತಜ್ಜಿಯ ತವರಿನ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ. ಮದುವೆಯಲ್ಲಿ ಬದಲಾಯಿಸಿದ ಹೆಸರೊಂದೇ ಎಲ್ಲ ಪತ್ರಗಳಲ್ಲೂ ಇದೆ. ಅವರ ಎಡಪುಟದಲ್ಲಿ ಸೋದರತ್ತೆಯ ತಂಗಿ ಹೇಳಿದ 'ಮಾಗಡಿ ಕಡೆಯವಳು' ಎಂಬ ಎರಡು ಪದಗಳಿವೆ. ಬಲಪುಟವನ್ನು ಖಾಲಿ ಬಿಟ್ಟಿದ್ದೇನೆ.