ಬಿಲ್ಡರ್ ಕಟ್ಟಿದ ದುಡ್ಡು ನಿಮ್ಮೂರಿನ ಮೈದಾನಕ್ಕೆ ಬರಬೇಕಾದರೆ: ಇಂಗ್ಲೆಂಡಿನ ಸೆಕ್ಷನ್ 106 ಬಗ್ಗೆ

ಕಳೆದ ತಿಂಗಳು ಪಕ್ಕದ ಊರಿನ ಹುಡುಗರು ಫೋನ್ ಮಾಡಿದ್ದರು. ಹೊಸದಾಗಿ ಕನ್ನಡ ಸಂಘ ಶುರು ಮಾಡಿದ್ದಾರೆ. "ಅಕ್ಕ, ಸಮುದಾಯಕ್ಕೆ, ಆಟೋಟಕ್ಕೆ ಅಂತ ಬಿಲ್ಡರ್‌ಗಳು ಕಟ್ಟಿದ ದುಡ್ಡು ನಮ್ಮ ಕೌನ್ಸಿಲ್‌ನಲ್ಲಿ ಖರ್ಚಾಗದೆ ಬಿದ್ದಿದೆ. ಹಾಲ್‌ಗೆ ಅರ್ಜಿ ಹಾಕೋಣ ಅಂತಿದ್ದೇವೆ. ಆರ್ಕಿಟೆಕ್ಟ್ ಕೂಡ ಸಿಕ್ಕಿದ್ದಾರೆ" ಅಂದರು. ನಾನು ಕೇಳಿದ್ದು ಒಂದೇ ಮಾತು: "ಅಗ್ರಿಮೆಂಟ್ ಓದಿದ್ರಾ?" ಓದಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾವೂ ಓದಿರಲಿಲ್ಲ. ಈ ಎರಡು ವರ್ಷದಲ್ಲಿ ಇದೇ ತಪ್ಪು ಮಾಡಲು ಹೊರಟವರಲ್ಲಿ ಇವರು ಮೂರನೆಯವರು. ಹಾಗಾಗಿ ಕೂತು ಬರೆದೇ ಬಿಡೋಣ ಅನಿಸಿತು.

ಪ್ಲಾನಿಂಗ್ ಪರ್ಮಿಶನ್ ಅಂದರೇನು, ಕೌನ್ಸಿಲ್ ಅಂದರೇನು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಡುತ್ತೇನೆ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ವಿಷಯ ಮಾತ್ರ. ಸ್ಕಾಟ್ಲೆಂಡ್‌ನಲ್ಲಿ ಇರುವವರಿಗೆ ಕಾನೂನೇ ಬೇರೆ. ಅಲ್ಲಿ ಅದನ್ನು ಸೆಕ್ಷನ್ 75 ಅನ್ನುತ್ತಾರೆ.

ಹೊಸ ಬಡಾವಣೆ ಕಟ್ಟುವ ಬಿಲ್ಡರ್ ಕಡೆಯಿಂದ ಊರಿನ ಸೌಲಭ್ಯಕ್ಕೆ ದುಡ್ಡು ಬರುವ ದಾರಿ ಎರಡು. ಒಂದು, 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 106. ಇದು ಬಿಲ್ಡರ್, ಜಮೀನಿನ ಮಾಲೀಕ ಮತ್ತು ಕೌನ್ಸಿಲ್ ಸಹಿ ಹಾಕುವ ಒಪ್ಪಂದ. ಒಂದೊಂದು ಬಡಾವಣೆಗೂ ಒಂದೊಂದು ಒಪ್ಪಂದ. ಇನ್ನೊಂದು ಸಿಐಎಲ್, ಅಂದರೆ ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ. ಇದರ ನಿಯಮಗಳು ಬಂದದ್ದು 2010ರಲ್ಲಿ. ಇದು ಚದರ ಮೀಟರಿಗೆ ಇಷ್ಟು ಅಂತ ಹಾಕುವ ಶುಲ್ಕ. ಎಲ್ಲ ಕೌನ್ಸಿಲ್‌ಗಳೂ ಸಿಐಎಲ್ ಹಾಕುವುದಿಲ್ಲ. ನಿಮ್ಮ ಕೌನ್ಸಿಲ್ ಹಾಕುತ್ತದೆಯಾ ಅಂತ ಮೊದಲು ನೋಡಿಕೊಳ್ಳಿ. ಈ ಎರಡನ್ನೂ ಒಂದೇ ಹುಂಡಿ ಅಂದುಕೊಂಡರೆ ಅಲ್ಲಿಂದಲೇ ದಾರಿ ತಪ್ಪುತ್ತದೆ.

ನಮ್ಮ ಕಥೆ ಹೇಳುತ್ತೇನೆ. ಶನಿವಾರದ ಕನ್ನಡ ತರಗತಿಗೆ ಶಾಲೆಯ ಹಾಲ್ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೆವು. ಬಾಡಿಗೆ ವರ್ಷ ವರ್ಷ ಏರುತ್ತಿತ್ತು. ಬಿಲ್ಡರ್ ದುಡ್ಡು ಪಡೆಯುವ ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ, ಡಿಸೆಂಬರ್ 31ರೊಳಗೆ, ಇನ್‌ಫ್ರಾಸ್ಟ್ರಕ್ಚರ್ ಫಂಡಿಂಗ್ ಸ್ಟೇಟ್‌ಮೆಂಟ್ ಅಂತ ಒಂದು ಲೆಕ್ಕಪತ್ರ ಪ್ರಕಟಿಸಬೇಕು. ಅದರಲ್ಲಿ "ಸಮುದಾಯ ಮತ್ತು ಕ್ರೀಡಾ ಸೌಲಭ್ಯ" ಅನ್ನುವ ತಲೆಬರಹದ ಕೆಳಗೆ ನಮ್ಮ ಊರಿನ ಹೊಸ ಬಡಾವಣೆಯ ಹೆಸರು ಇತ್ತು. ಮುಂದೆ ದೊಡ್ಡ ಮೊತ್ತ. ಖರ್ಚಾಗಿರಲಿಲ್ಲ. ನಮಗೆ ಅಷ್ಟೇ ಸಾಕಾಯಿತು.

ನಮ್ಮದೇ ಒಂದು ಹಾಲ್ ಕಟ್ಟಲು ಆ ದುಡ್ಡು ಕೇಳೋಣ ಅಂತ ಹದಿನಾಲ್ಕು ತಿಂಗಳು ದುಡಿದೆವು. ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿದೆವು. ಗುಜರಾತಿಗಳು, ಪೋಲಿಷ್ ಶಾಲೆಯವರು, ಹಿರಿಯರ ಯೋಗ ಗುಂಪಿನವರು ಎಲ್ಲರ ಸಹಿ ತಂದೆವು. ನಕ್ಷೆಗೆ 2,800 ಪೌಂಡ್ ಕೊಟ್ಟೆವು. ಅದು ಯುಗಾದಿ, ದೀಪಾವಳಿ ಊಟದ ಟಿಕೆಟ್ ಮಾರಿ ಕೂಡಿಸಿದ ದುಡ್ಡು. ಕೊನೆಗೆ ಅಧಿಕಾರಿಯಿಂದ ಎರಡು ಸಾಲಿನ ಉತ್ತರ ಬಂತು. ಆ ದುಡ್ಡು ಊರಿನ ಆಟದ ಮೈದಾನದ ಚೇಂಜಿಂಗ್ ರೂಮುಗಳ ದುರಸ್ತಿಗೆ ಮಾತ್ರ. ಒಪ್ಪಂದದಲ್ಲಿ ಹಾಗೇ ಬರೆದಿದೆ. ಹಾಲ್‌ಗೆ ಒಂದು ಪೆನ್ನಿಯೂ ಕೊಡುವಂತಿಲ್ಲ.

ಅಧಿಕಾರಿ ಹೇಳಿದ್ದು ಸರಿಯಾಗಿಯೇ ಇತ್ತು. ಒಪ್ಪಂದ ಕೌನ್ಸಿಲ್‌ನ ಪ್ಲಾನಿಂಗ್ ವೆಬ್‌ಸೈಟ್‌ನಲ್ಲಿ, ಆ ಬಡಾವಣೆಯ ಅರ್ಜಿಯ ಕಡತದಲ್ಲೇ ಇತ್ತು. ಯಾರು ಬೇಕಾದರೂ ತೆಗೆದು ಓದಬಹುದಿತ್ತು. ನಾವು ಲೆಕ್ಕಪತ್ರದ ತಲೆಬರಹ ನೋಡಿದೆವು, ಒಪ್ಪಂದ ನೋಡಲಿಲ್ಲ. ತಲೆಬರಹ ಅನ್ನುವುದು ಲೆಕ್ಕ ಬರೆಯುವವರ ಅನುಕೂಲಕ್ಕೆ ಇರುವುದು. ಹತ್ತಾರು ಒಪ್ಪಂದಗಳನ್ನು ಒಂದೇ ಹೆಸರಿನ ಕೆಳಗೆ ಸೇರಿಸಿರುತ್ತಾರೆ. ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೇಳುವುದು ಒಪ್ಪಂದದ ಒಳಗಿನ ಆ ಒಂದು ವಾಕ್ಯ.

ಆದ್ದರಿಂದ ದಯವಿಟ್ಟು, ಯಾರಿಗೂ ಒಂದು ಪೌಂಡ್ ಕೊಡುವ ಮೊದಲು, ಒಪ್ಪಂದವನ್ನು ತೆರೆಯಿರಿ. ಉದ್ದ ನೋಡಿ ಹೆದರಬೇಡಿ. ಮೊದಲಿಗೆ ಪದಗಳ ಅರ್ಥ ಕೊಡುವ ಭಾಗ ಇರುತ್ತದೆ. ಅದರಲ್ಲಿ ನಿಮಗೆ ಬೇಕಾದ ಮೊತ್ತದ ಹೆಸರು ಹುಡುಕಿ. ಅಲ್ಲಿ ಊರಿನ ಹೆಸರಿದೆಯಾ, ಒಂದೇ ಮೈದಾನದ ಹೆಸರಿದೆಯಾ? "ಹೊರಾಂಗಣ ಕ್ರೀಡೆ" ಅಂತಿದೆಯಾ, "ಕ್ರೀಡೆ" ಅಂತ ಮಾತ್ರ ಇದೆಯಾ? ಒಂದು ಪದ ಜಾಸ್ತಿ ಇದ್ದರೆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ಆಮೇಲೆ ಒಪ್ಪಂದದ ಕೊನೆಯಲ್ಲಿರುವ ಶೆಡ್ಯೂಲ್‌ಗಳಿಗೆ ಹೋಗಿ. ದುಡ್ಡು ಯಾವಾಗ ಕಟ್ಟಬೇಕು ಅಂತ ಅಲ್ಲಿರುತ್ತದೆ. ಕೆಲವರು ಕೆಲಸ ಶುರುವಾಗುವಾಗ ಕಟ್ಟುತ್ತಾರೆ, ಕೆಲವರು ಐವತ್ತನೇ ಮನೆಗೆ ಜನ ಬಂದಾಗ, ನೂರನೇ ಮನೆಗೆ ಜನ ಬಂದಾಗ. ಮನೆ ಮಾರಾಟ ನಿಧಾನವಾದರೆ ದುಡ್ಡೂ ನಿಧಾನ. ಕೊನೆಯದಾಗಿ ವಾಪಸ್ಸಿನ ಷರತ್ತು. ಕೌನ್ಸಿಲ್ ಇಂತಿಷ್ಟು ವರ್ಷದೊಳಗೆ, ಹೆಚ್ಚಾಗಿ 5 ಅಥವಾ 10, ಖರ್ಚು ಮಾಡದಿದ್ದರೆ ಉಳಿದದ್ದನ್ನು ಬಿಲ್ಡರ್‌ಗೆ ಹಿಂತಿರುಗಿಸಬೇಕು ಅಂತ ಬರೆದಿರುತ್ತಾರೆ. ಆ ದಿನಾಂಕ ಹತ್ತಿರ ಬಂದಿದ್ದರೆ ನಿಮ್ಮ ಅರ್ಜಿಗೆ ಬಲ ಬರುತ್ತದೆ, ಆದರೆ ಬರೆದ ಉದ್ದೇಶಕ್ಕೆ ಹೊಂದಿದ್ದರೆ ಮಾತ್ರ.

ಒಪ್ಪಂದವನ್ನು ಬದಲಾಯಿಸಲು ಆಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಅದಕ್ಕೆ ಬಿಲ್ಡರ್ ಕಡೆಯವರೂ ಒಪ್ಪಬೇಕು, ವಕೀಲರ ಖರ್ಚು ಯಾರಾದರೂ ಹೊರಬೇಕು. ಸುಮ್ಮನಿದ್ದರೆ ದುಡ್ಡು ವಾಪಸ್ ಬರಬಹುದು ಅನ್ನುವಾಗ ಅವರು ಯಾಕೆ ಒಪ್ಪುತ್ತಾರೆ ಹೇಳಿ.

ಹಾಗಾದರೆ ಆ ವಾಕ್ಯ ಬರೆಯುವುದು ಯಾವಾಗ? ಮನೆ ಕಟ್ಟುವ ಅರ್ಜಿ ಇನ್ನೂ ಕೌನ್ಸಿಲ್ ಮುಂದೆ ಇರುವಾಗ. ನೀವು ಹೋಗಬೇಕಾದದ್ದು ಆಗ. ಹೊಲದ ಬೇಲಿಗೆ ಹಳದಿಯೋ ಬಿಳಿಯೋ ನೋಟೀಸ್ ಕಟ್ಟಿರುತ್ತಾರೆ, ನಾವು ನಾಯಿ ಕರೆದುಕೊಂಡು ಅದರ ಮುಂದೆಯೇ ಹಾದು ಹೋಗುತ್ತೇವೆ. ಅಭಿಪ್ರಾಯ ಹೇಳಲು 21 ದಿನ ಇರುತ್ತದೆ. ಅದು ಮುಗಿದರೂ ತೀರ್ಮಾನ ಆಗುವ ತನಕ ಬಂದ ಪತ್ರಗಳನ್ನು ಸಾಮಾನ್ಯವಾಗಿ ನೋಡುತ್ತಾರೆ. ಕಮಿಟಿಗೆ ಹೋಗುವ ಅಧಿಕಾರಿಯ ವರದಿಯಲ್ಲಿ "ಹೆಡ್ಸ್ ಆಫ್ ಟರ್ಮ್ಸ್" ಅನ್ನುವ ಪಟ್ಟಿ ಇರುತ್ತದೆ: ಶಾಲೆಗೆ ಇಷ್ಟು, ರಸ್ತೆಗೆ ಇಷ್ಟು, ಆಟಕ್ಕೆ ಇಷ್ಟು. ಸಭೆಗೆ ಕನಿಷ್ಠ ಐದು ದಿನ ಮೊದಲು ಅದು ಎಲ್ಲರಿಗೂ ಸಿಗಬೇಕು. ನಿಮ್ಮ ವಿಷಯ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದೆ ಸೇರಿಸುವುದು ಬಹಳ ಕಷ್ಟ.

ಆದರೆ "ನಮ್ಮ ಸಂಘಕ್ಕೆ ಐವತ್ತು ಸಾವಿರ ಕೊಡಿಸಿ" ಅಂತ ಬರೆದರೆ ಆ ಪತ್ರಕ್ಕೆ ಬೆಲೆ ಇಲ್ಲ. ಸೆಕ್ಷನ್ 106ರ ದುಡ್ಡಿಗೆ ಸಿಐಎಲ್ ನಿಯಮಾವಳಿಯ 122ನೇ ನಿಯಮದಲ್ಲಿ ಮೂರು ಪರೀಕ್ಷೆಗಳಿವೆ. ಆ ಬಡಾವಣೆಗೆ ಒಪ್ಪಿಗೆ ಕೊಡಲು ಈ ದುಡ್ಡು ಅಗತ್ಯವಾಗಿರಬೇಕು. ಆ ಬಡಾವಣೆಗೆ ನೇರ ಸಂಬಂಧ ಇರಬೇಕು. ಬಡಾವಣೆಯ ಗಾತ್ರಕ್ಕೆ ತಕ್ಕಷ್ಟಿರಬೇಕು. ಅಂದರೆ ಈಗಾಗಲೇ ಇರುವ ಕೊರತೆಯನ್ನು ಹೊಸ ಬಿಲ್ಡರ್ ತುಂಬಿಕೊಡಲಿ ಅಂತ ಕೇಳುವಂತಿಲ್ಲ. ಹೊಸದಾಗಿ ಬರುವ ಮನೆಗಳಿಂದ ಎಷ್ಟು ಮಕ್ಕಳು, ಎಷ್ಟು ಆಟಗಾರರು ಬರುತ್ತಾರೆ, ಅವರಿಗೆ ಈಗಿನ ಮೈದಾನ ಯಾಕೆ ಸಾಲದು ಅನ್ನುವುದನ್ನು ತೋರಿಸಬೇಕು.

ಇಲ್ಲಿ ನಮ್ಮವರದೇ ಒಂದು ತಪ್ಪಿದೆ. ಅದು ನನಗೆ ತುಂಬಾ ಬೇಸರ ತರುತ್ತದೆ. ಕೌನ್ಸಿಲ್‌ಗಳು ಪ್ಲೇಯಿಂಗ್ ಪಿಚ್ ಸ್ಟ್ರಾಟೆಜಿ ಅನ್ನುವ ದಾಖಲೆ ತಯಾರಿಸುತ್ತವೆ. ಯಾವ ಆಟಕ್ಕೆ ಎಷ್ಟು ತಂಡ, ಎಷ್ಟು ಮೈದಾನ ಅಂತ ಕ್ಲಬ್‌ಗಳನ್ನು ಕೇಳಿ ಲೆಕ್ಕ ಹಾಕುತ್ತಾರೆ. ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆಯ ಕ್ಯಾಲ್ಕುಲೇಟರ್ ಹೊಸ ಮನೆಗಳಿಂದ ಎಷ್ಟು ಬೇಡಿಕೆ ಹುಟ್ಟುತ್ತದೆ ಅಂತ ಹೇಳುವುದು ಈ ಲೆಕ್ಕದ ಮೇಲೆ. ನಮ್ಮ ಹುಡುಗರು ಭಾನುವಾರ ನಾಲ್ಕು ತಂಡ ಕಟ್ಟಿಕೊಂಡು ಬಾಡಿಗೆ ಮೈದಾನದಲ್ಲಿ ಕ್ರಿಕೆಟ್ ಲೀಗ್ ಆಡುತ್ತಾರೆ. ಯಾವ ಸಂಸ್ಥೆಗೂ ನೋಂದಾಯಿಸಿಲ್ಲ. ಕೌನ್ಸಿಲ್ ಕಳಿಸಿದ ಫಾರಂ ಬಂದರೂ ತುಂಬುವುದಿಲ್ಲ. ಹಾಗಾಗಿ ಕಾಗದದ ಮೇಲೆ ಅವರು ಇಲ್ಲವೇ ಇಲ್ಲ. ನಲವತ್ತು ಜನ ಆಡುವ ಊರಿನಲ್ಲಿ "ಕ್ರಿಕೆಟ್‌ಗೆ ಹೆಚ್ಚುವರಿ ಬೇಡಿಕೆ ಕಂಡುಬಂದಿಲ್ಲ" ಅಂತ ಬರೆದದ್ದನ್ನು ನಾನೇ ಓದಿದ್ದೇನೆ. ಕ್ಲಬ್ ನೋಂದಾಯಿಸಿ. ಫಾರಂ ಬಂದರೆ ಅವತ್ತೇ ತುಂಬಿ ಕಳಿಸಿ. ಹೆಣ್ಣುಮಕ್ಕಳ ತಂಡ ಇದ್ದರೆ ಪ್ರತ್ಯೇಕವಾಗಿ ಬರೆಯಿರಿ.

ಇನ್ನು ಸಿಐಎಲ್. ಹಾಲ್, ಅಡುಗೆಮನೆ, ಹಿರಿಯರ ಕೋಣೆ ಇಂಥದ್ದಕ್ಕೆ ನಿಜವಾಗಿ ಸುಲಭದ ದಾರಿ ಇದೇ. ಬಂದ ಸಿಐಎಲ್‌ನಲ್ಲಿ ಶೇಕಡಾ 15 ಆ ಜಾಗದ, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಊರಿನ ಮಟ್ಟದಲ್ಲಿರುವ, ಪ್ಯಾರಿಶ್ ಕೌನ್ಸಿಲ್‌ಗೆ ಹೋಗುತ್ತದೆ, ಅದಕ್ಕೊಂದು ಮಿತಿಯೂ ಇದೆ. ಊರು ಹೇಗೆ ಬೆಳೆಯಬೇಕು ಅಂತ ಊರಿನವರು ಮತ ಹಾಕಿ ನೇಬರ್‌ಹುಡ್ ಪ್ಲಾನ್ ಮಾಡಿಕೊಂಡಿದ್ದರೆ ಶೇಕಡಾ 25, ಮಿತಿ ಇಲ್ಲ. ಪ್ಯಾರಿಶ್ ಇದನ್ನು ಹೊಸ ಮನೆಗಳಿಂದ ಊರಿನ ಮೇಲೆ ಬೀಳುವ ಹೊರೆ ಇಳಿಸುವ ಯಾವ ಕೆಲಸಕ್ಕೂ ಬಳಸಬಹುದು. ಸೆಕ್ಷನ್ 106ರ ಹಾಗೆ ಒಂದೇ ವಾಕ್ಯಕ್ಕೆ ಕಟ್ಟಿಬಿದ್ದಿಲ್ಲ. ಐದು ವರ್ಷದಲ್ಲಿ ಬಳಸದಿದ್ದರೆ ದೊಡ್ಡ ಕೌನ್ಸಿಲ್ ವಾಪಸ್ ಕೇಳಬಹುದು. ಪ್ಯಾರಿಶ್ ಇಲ್ಲದ ನಗರಗಳಲ್ಲಿ ಕೌನ್ಸಿಲ್ ತಾನೇ ಇಟ್ಟುಕೊಂಡು, ಅಲ್ಲಿನ ಜನರನ್ನು ಕೇಳಿ ಖರ್ಚು ಮಾಡಬೇಕು.

ಪ್ಯಾರಿಶ್ ಸಭೆಗೆ ನಮ್ಮವರು ಯಾಕೆ ಹೋಗುವುದಿಲ್ಲವೋ ತಿಳಿಯದು. ಊರಲ್ಲಿದ್ದಾಗ ಗ್ರಾಮ ಪಂಚಾಯಿತಿ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತವರೂ ಇಲ್ಲಿ ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಶುರುವಿನಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಇರುತ್ತದೆ. ಕ್ಲರ್ಕ್ ಅಂದರೆ ಇಲ್ಲಿ ಗುಮಾಸ್ತೆ ಅಲ್ಲ, ಇಡೀ ಪ್ಯಾರಿಶ್ ನಡೆಸುವ ಮುಖ್ಯ ಅಧಿಕಾರಿ. ಅವರಿಗೆ ಗೌರವದಿಂದ ಒಂದು ಈಮೇಲ್ ಹಾಕಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದು ಇಲ್ಲಿ ವೀಸಾದ ಮೇಲೆ ವಾಸವಾಗಿದ್ದರೂ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ ನಿಮಗೆ ಮತದ ಹಕ್ಕಿದೆ. ಹೆಸರು ನೋಂದಾಯಿಸಿಕೊಳ್ಳಿ. ಐಎಲ್‌ಆರ್ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಬಂದವರು ಪ್ಯಾರಿಶ್ ಸದಸ್ಯರೂ ಆಗಬಹುದು. ಎಷ್ಟೋ ಕಡೆ ಸೀಟು ಖಾಲಿ ಇರುತ್ತದೆ, ಚುನಾವಣೆ ಇಲ್ಲದೆ ಸೇರಿಸಿಕೊಳ್ಳುತ್ತಾರೆ.

ಎರಡು ಎಚ್ಚರಿಕೆ. ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕೊಡಬೇಡಿ. ನನಗೆ ಗೊತ್ತಿರುವ ಒಂದು ತಂಡ ಬೇಸಿಗೆ ಬಂತು ಅಂತ ಅವಸರ ಮಾಡಿ ನೆಟ್ಸ್ ಹಾಕಿಸಿಬಿಟ್ಟಿತು. ಮಂಜೂರಾತಿಗೆ ಮೊದಲಿನ ಖರ್ಚು ಅಂತ ಪೂರ್ತಿ ತಳ್ಳಿಹಾಕಿದರು. ಎರಡನೆಯದು, ಈ ದುಡ್ಡು ಹೆಚ್ಚಾಗಿ ಸೌಲಭ್ಯ ನಿರ್ಮಿಸುವುದಕ್ಕೆ, ಇರುವುದನ್ನು ಸುಧಾರಿಸುವುದಕ್ಕೆ. ಹಾಲ್ ಬಾಡಿಗೆ, ಕೋಚ್ ಸಂಬಳ, ಯುಗಾದಿ ಕಾರ್ಯಕ್ರಮ ಇದಕ್ಕೆ ಕೇಳಬೇಡಿ. ಒಂದೇ ಭಾಷೆಯವರಿಗೆ ಅನ್ನುವ ಹಾಗೆಯೂ ಕೇಳಬೇಡಿ. ಈಗಾಗಲೇ ಇರುವ ವಿಲೇಜ್ ಹಾಲ್ ಟ್ರಸ್ಟ್ ಅಥವಾ ಕ್ರಿಕೆಟ್ ಕ್ಲಬ್ ಜೊತೆ ಸೇರಿ ಕೇಳಿದರೆ ಜಾಗ ಯಾರದು, ಲೀಸ್ ಎಷ್ಟು ವರ್ಷ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿರುತ್ತದೆ.

ನಮ್ಮ ಕಡೆಯ ಪದ್ಧತಿ ಇದಕ್ಕಿಂತ ಮೇಲು ಅಂತ ನಾನು ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಬೆಂಗಳೂರಿನ 1976ರ ಬಿಡಿಎ ಕಾಯ್ದೆ ಮೈದಾನಕ್ಕೆ ಅಂತ ದುಡ್ಡು ಕೇಳುವುದಿಲ್ಲ, ಜಾಗ ಕೇಳುತ್ತದೆ. ಬಡಾವಣೆಯ ಒಟ್ಟು ಜಾಗದಲ್ಲಿ ಶೇಕಡಾ 15 ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇಕಡಾ 10 ನಾಗರಿಕ ಸೌಲಭ್ಯಕ್ಕೆ. ನಾವು ಸಿಎ ಸೈಟ್ ಅನ್ನುವುದು ಇದನ್ನೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಜಾಗ ಕಣ್ಣಿಗೆ ಕಾಣುತ್ತದೆ, ಒತ್ತುವರಿ ಆದರೂ ಕಾಣುತ್ತದೆ. ಇಲ್ಲಿಯ ದುಡ್ಡು ಯಾರಿಗೂ ಗೊತ್ತಾಗದೆ ಬಿಲ್ಡರ್ ಖಾತೆಗೆ ಮರಳಬಹುದು. ಆದರೆ ಕಾಗದದ ವಿಷಯದಲ್ಲಿ ಇಂಗ್ಲೆಂಡಿಗೇ ಮಾರ್ಕು ಕೊಡಬೇಕು. ಮನೆಯಲ್ಲಿ ಕೂತು ಒಪ್ಪಂದದ ಕೊನೆಯ ಪುಟದ ಸಹಿ ತನಕ ನೋಡಬಹುದು. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಸಾಮಾನ್ಯವಾಗಿ 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ನಮ್ಮ ಊರಿನ ಸಿಎ ಸೈಟ್ ಯಾರಿಗೆ ಹಂಚಿಕೆ ಆಯಿತು ಅಂತ ಹುಡುಕಲು ನನ್ನ ಅಪ್ಪ ಎಷ್ಟು ದಿನ ಅಲೆದಿದ್ದರು ಅನ್ನುವುದು ನನಗೆ ನೆನಪಿದೆ.

ಈಗ ನಮ್ಮ ಊರಿನ ಪೂರ್ವಕ್ಕೆ ಇನ್ನೊಂದು ಬಡಾವಣೆಯ ಅರ್ಜಿ ಬಂದಿದೆ. ನೋಟೀಸ್ ಕಟ್ಟಿದ ವಾರದಲ್ಲೇ ಒಂದು ಪುಟದ ಪತ್ರ ಕಳಿಸಿದೆವು: ಶನಿವಾರದ ಮಕ್ಕಳ ಸಂಖ್ಯೆ, ಹಾಲ್ ಸಿಗದೆ ವಾಪಸ್ ಕಳಿಸಿದವರ ಸಂಖ್ಯೆ, ಹೊಸ ಮನೆಗಳಿಂದ ಬರಬಹುದಾದ ಮಕ್ಕಳ ಅಂದಾಜು. ಕ್ರಿಕೆಟ್ ಕ್ಲಬ್‌ನವರು, ಪೋಲಿಷ್ ಶಾಲೆಯವರು ಅದೇ ಲೆಕ್ಕದಲ್ಲಿ ತಮ್ಮ ಪತ್ರ ಕಳಿಸಿದರು. ಪ್ಯಾರಿಶ್ ಕೂಡ ಬರೆಯಿತು. ಅಧಿಕಾರಿಯ ವರದಿಯ ಪಟ್ಟಿಯಲ್ಲಿ ಈಗ ಒಂದು ಸಾಲು ಇದೆ: "ಪ್ಯಾರಿಶ್ ವ್ಯಾಪ್ತಿಯ ಒಳಾಂಗಣ ಅಥವಾ ಹೊರಾಂಗಣ ಸಮುದಾಯ ಮತ್ತು ಕ್ರೀಡಾ ಸೌಲಭ್ಯಕ್ಕೆ". ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಕರಡು ಬಂದ ದಿನ "ಅಥವಾ" ಅನ್ನುವ ಪದ ಅದರಲ್ಲಿ ಉಳಿದಿದೆಯಾ ಅಂತ ಮೊದಲು ನೋಡುತ್ತೇನೆ.