ಗೇಟು ಬಿದ್ದಾಗ ಸಿಕ್ಕ ಕಥೆ

ದಾವಣಗೆರೆ ಹುಡುಗಿಯೊಬ್ಬಳ ನಗೆ ತುಂಬಿದ ಪ್ರೇಮಕಥೆ ಬರೆಯಬೇಕು ಅಂತ ಕೂತೆ. ನಾನು ಮಾಡಿದ ಮೊದಲ ತಪ್ಪು, ಅವಳನ್ನು ಬಾಯಿಬಡುಕಿ ಮಾಡಿದ್ದು. ಹೆಸರು ಶೈಲಾ. ಅಪ್ಪನದು ಮಂಡಕ್ಕಿ ಸಗಟು ಅಂಗಡಿ. ಹುಡುಗ ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ. ಅವನು ಒಂದು ಅಂದರೆ ಇವಳು ಹತ್ತು ಅನ್ನುತ್ತಿದ್ದಳು. ಹನ್ನೆರಡು ಪುಟ ಹೀಗೇ ಹೋಯಿತು. ಅಕ್ಕ ಓದಿ, "ಬಾಯಿ ಜೋರೈತಿ, ಸರಿ. ಈ ಹುಡುಗಿ ಮಾಡೋದೇನು?" ಅಂದಳು.

ಉತ್ತರ ಸಿಕ್ಕಿದ್ದು ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ. ಗೇಟು ಬಿದ್ದಾಗ ಜನ ಏನು ಮಾತಾಡುತ್ತಾರೆ ಅಂತ ಬರೆದುಕೊಳ್ಳಲು ಸಂಜೆ ಹೋಗಿ ನಿಲ್ಲುತ್ತಿದ್ದೆ. ಮೂರನೇ ದಿನ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಮ್ಮ ಬಾಗಿಲಲ್ಲೇ ಕೇಳಿದರು: "ಗೇಟ್ ಹತ್ರ ಯಾರನ್ನ ಕಾಯ್ತಿದ್ದಿ?"

ದಾವಣಗೆರೆ 1997ರಲ್ಲೇ ಜಿಲ್ಲೆಯಾಗಿದೆ. ಆದರೂ "ಯಾರ ಮಗಳವ್ವಾ ನೀನು?" ಅಂತ ಕೇಳುವುದು ನಿಂತಿಲ್ಲ. ನನ್ನ ಕಥೆಗೆ ಖಳನಾಯಕ ಯಾಕೆ ಬೇಕು? ಪರಿಚಯದವರೇ ಸಾಕು.

ತಿರುಗಿ ಬರೆದೆ. ಈ ಸಲ ಶೈಲಾಗೆ ಮಾತು ಕಮ್ಮಿ, ಲೆಕ್ಕ ಜಾಸ್ತಿ. ಗ್ಲಾಸ್ ಹೌಸ್ ಪಾರ್ಕಿನಲ್ಲಿ ಕಂಡರೆ ಜೋಡಿ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಗೇಟಿನಲ್ಲಿ ಪಕ್ಕಪಕ್ಕ ನಿಂತರೆ ಯಾರು ಏನು ಅಂದಾರು? ಅದಕ್ಕೇ ಅವಳು ರೈಲುಗಳ ಟೈಮು ಬಾಯಿಪಾಠ ಮಾಡುತ್ತಾಳೆ. ಸ್ಕೂಟಿಯನ್ನು ಅವನ ಬೈಕಿನ ಪಕ್ಕಕ್ಕೇ ತಂದು ನಿಲ್ಲಿಸುತ್ತಾಳೆ. ಹಳಿ ನೋಡುತ್ತಲೇ ಮಾತಾಡುತ್ತಾಳೆ. ಪ್ಯಾಸೆಂಜರ್ ಗಾಡಿಯಾದರೆ ಬರೀ ಕ್ಷೇಮಸಮಾಚಾರ. ಗೂಡ್ಸ್ ಬಂದರೆ ಹಬ್ಬ! ಆದರೆ ಗೇಟು ಎದ್ದದ್ದೇ ಹಿಂದಿನವರ ಹಾರ್ನಿಗೆ ಹೆದರಿ ಹುಡುಗ ಬೈಕ್ ಓಡಿಸಿಬಿಡುತ್ತಾನೆ. ಅವಳ ಮಾತು ಅರ್ಧಕ್ಕೇ. ಬರೆಯುವಾಗ ನಾನೇ ನಕ್ಕಿದ್ದು ಇಲ್ಲಿ.

ನಡುವಿನ ಜಗಳ, ಮುನಿಸು ಎಲ್ಲ ಎರಡೇ ದಿನದಲ್ಲಿ ಬರೆದೆ. ಕಷ್ಟವಾಗಿದ್ದು ಕೊನೆ. ಅದನ್ನು ಕಟ್ಟಿಗೆ ಒಲೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ಇಟ್ಟೆ. ಇಬ್ಬರೂ ಒಂದೇ ಬೆಂಚಿನಲ್ಲಿ. ಎದುರಿಗೆ ಕೂತವರು ಅವಳ ಅಪ್ಪನ ಹಳೇ ಗಿರಾಕಿ. ದೋಸೆ ಮೇಲೆ ಬೆಣ್ಣೆ ಕರಗಿ ಪಲ್ಯದ ಕಡೆ ಹರಿಯುತ್ತಿದೆ. ಸಪ್ಲೈಯರ್ ಬಂದು, "ಒಂದೇ ಬಿಲ್ಲಾ, ಬ್ಯಾರೆ ಬ್ಯಾರೆನಾ?" ಅಂತಾನೆ.

ಹುಡುಗನ ಬೆರಳು ಚಟ್ನಿಯಲ್ಲೇ ನಿಂತಿತು. ಶೈಲಾ ಗಿರಾಕಿಯ ಮುಖವನ್ನೇ ನೋಡಿಕೊಂಡು, "ಒಂದೇ ಬರೀರಿ ಅಣ್ಣ" ಅಂದಳು. ಅಪ್ಪನಿಗೆ ಹೇಳುವ ಕೆಲಸ ಅವಳಿಗೆ ತಪ್ಪಿತು. ಸಂಜೆಯೊಳಗೆ ಆ ಗಿರಾಕಿಯೇ ಮುಟ್ಟಿಸುತ್ತಾರೆ.

ಈ ಜಾಗದಲ್ಲಿ ಮೊದಲು ಹುಡುಗನಿಗೆ ನಾಲ್ಕು ಸಾಲು ಪ್ರೇಮದ ಮಾತು ಬರೆದಿದ್ದೆ. ಹೊಡೆದುಹಾಕಿದೆ. ಈಗ ಅವನು ಸುಮ್ನೆ ಇನ್ನೊಂದು ಬೆಣ್ಣೆ ಖಾಲಿ ದೋಸೆ ಹೇಳುತ್ತಾನೆ.