ಎತ್ತರ ಕಡಿಮೆ ಇರುವವರು ಟೂರಿಂಗ್ ಸೈಕಲ್ ಆರಿಸುವುದು ಹೇಗೆ?

ಕುಳ್ಳಗಿರುವವರು ಸೈಕಲ್ ಅಂಗಡಿಗೆ ಹೋದರೆ ಒಂದು ಮಾತು ಕೇಳಿಸಿಯೇ ಕೇಳಿಸುತ್ತದೆ: "ಸೀಟು ಇಳಿಸಿದರೆ ಸರಿಹೋಗುತ್ತೆ ಬಿಡಿ." ನನ್ನ ಎತ್ತರ 152 ಸೆಂ.ಮೀ. ಮೊದಲ ಟೂರಿಂಗ್ ಸೈಕಲ್, ಅಂದರೆ ಸಾಮಾನು ಕಟ್ಟಿಕೊಂಡು ದೂರ ಹೋಗುವ ಸೈಕಲ್, ಕೊಳ್ಳುವಾಗ ನಾನೂ ಆ ಮಾತು ನಂಬಿದೆ. ಸೀಟು ಇಳಿಯಿತು, ಕಾಲು ನೆಲಕ್ಕೆ ತಾಗಿತು, ದುಡ್ಡು ಕೊಟ್ಟು ಮನೆಗೆ ತಂದೆ. ಕೆಲವು ವಾರ ಕಳೆದ ಮೇಲೆ ನಾಲ್ಕು ಚೀಲ ಕಟ್ಟಿಕೊಂಡು ದೂರದ ಊರಿಗೆ ಹೊರಟೆ. ಕಡಿದಾದ ಏರಿನ ತಿರುವಿನಲ್ಲಿ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದಾಗ ಶೂ ತುದಿ ಮುಂದಿನ ಮಡ್‌ಗಾರ್ಡ್‌ಗೆ ಸಿಕ್ಕಿಕೊಂಡಿತು. ಸಾಮಾನಿನ ಸಮೇತ ರಸ್ತೆಗೆ ಬಿದ್ದೆ. ಮೊಣಕೈ ಗಾಯ ಬೇಗ ವಾಸಿಯಾಯಿತು. ಭುಜದ ನೋವು ಮಾತ್ರ ಆ ಸೈಕಲ್ ಮಾರುವವರೆಗೂ ಬಿಡಲಿಲ್ಲ.

ಸೀಟಿನ ಎತ್ತರದಲ್ಲಿ ತಪ್ಪಿರಲಿಲ್ಲ. ನನ್ನ ಮೈಗೆ ಆ ಚಕ್ರ ದೊಡ್ಡದಾಗಿತ್ತು, ಹ್ಯಾಂಡಲ್ ದೂರವಿತ್ತು. ಇವೆರಡನ್ನೂ ಸೀಟು ಇಳಿಸಿ ಸರಿಮಾಡಲು ಆಗುವುದಿಲ್ಲ. ದಿನಕ್ಕೆ ಆರೇಳು ಗಂಟೆ, ವಾರಗಟ್ಟಲೆ ಕೂರುವ ಸೈಕಲ್ ಇದು. ಸಣ್ಣ ತಪ್ಪೂ ಕತ್ತು, ಮಣಿಕಟ್ಟು, ಮಂಡಿಯಲ್ಲಿ ಬಂದು ಕೂರುತ್ತದೆ.

ಮೊದಲು ಮನೆಯಲ್ಲೇ ಅಳತೆ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರವಿರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವ ಕಡೆ ಗುರುತು ಹಾಕಿ, ನೆಲದಿಂದ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಇದು ನಿಮ್ಮ ಕಾಲಿನ ಒಳ ಅಳತೆ.

ಇದನ್ನು 0.883ರಿಂದ ಗುಣಿಸಿ. ಟೂರ್ ಡಿ ಫ್ರಾನ್ಸ್ ಅನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಜನಪ್ರಿಯ ಮಾಡಿದ ಲೆಕ್ಕ ಇದು. ಒಳ ಅಳತೆ 70 ಸೆಂ.ಮೀ. ಇದ್ದರೆ ಉತ್ತರ ಸುಮಾರು 61.8 ಸೆಂ.ಮೀ. ಪೆಡಲ್‌ಗಳ ನಡುವಿನ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟು ಇರಬೇಕು. ಇದೇ ಕೊನೆ ಅಳತೆ ಅಂತಲ್ಲ. ಹತ್ತಿರದ ಅಂದಾಜು ಸಿಗುತ್ತದೆ, ಅಲ್ಲಿಂದ ಅರ್ಧರ್ಧ ಸೆಂ.ಮೀ. ಹಿಂದೆಮುಂದೆ ಮಾಡಿಕೊಳ್ಳಬಹುದು.

ಈ ಎತ್ತರಕ್ಕೆ ಸೀಟು ಇಟ್ಟರೆ, ಕೂತಲ್ಲಿಂದ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಬೆರಳ ತುದಿ ತಾಗಿದರೆ ಹೆಚ್ಚು. ಹೊಸಬರು ಇಲ್ಲೇ ಹೆದರಿ ಸೀಟು ಇಳಿಸುತ್ತಾರೆ, ಮಂಡಿ ನೋವು ತಂದುಕೊಳ್ಳುತ್ತಾರೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ, ಬಾರಿನ (ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ಎರಡೂ ಕಡೆ ಕಾಲಿಟ್ಟು ನಿಲ್ಲುವುದನ್ನು ಕಲಿಯಿರಿ. ಅರ್ಧ ದಿನ ಸಾಕು. ಹಾಗೆ ನಿಂತಾಗ, ಶೂ ಹಾಕಿಕೊಂಡು, ಬಾರಿಗೂ ನಿಮಗೂ ನಡುವೆ 3ರಿಂದ 5 ಸೆಂ.ಮೀ. ಜಾಗ ಇರಬೇಕು.

ಎತ್ತರ ಒಂದೇ ಇದ್ದರೂ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಸೊಂಟದ ಮೇಲಿನ ಮೈ ಉದ್ದ. ಆದ್ದರಿಂದ "ಇಷ್ಟು ಎತ್ತರಕ್ಕೆ ಈ ಸೈಜು" ಎನ್ನುವ ಪಟ್ಟಿ ನೋಡಿ ಮಾತ್ರ ಕೊಳ್ಳಬೇಡಿ.

ಫ್ರೇಮ್‌ಗಿಂತ ಮುಂಚೆ ಚಕ್ರ

ಅಂಗಡಿಯಲ್ಲಿ ಎಲ್ಲರೂ ಫ್ರೇಮ್ ಸೈಜು ಕೇಳುತ್ತಾರೆ. ನೀವು ಮೊದಲು ಚಕ್ರದ ಸೈಜು ಕೇಳಿ.

ಇವತ್ತಿನ ಟೂರಿಂಗ್ ಸೈಕಲ್‌ಗಳಲ್ಲಿ ಜಾಸ್ತಿ ಕಾಣುವುದು 700ಸಿ ಚಕ್ರ. ಇದರ ರಿಮ್ಮಿನ ಮೇಲೆ ಟೈರ್ ಕೂರುವ ಜಾಗದ ವ್ಯಾಸ 622 ಮಿ.ಮೀ. ಅದಕ್ಕೆ 35 ಮಿ.ಮೀ. ಟೈರ್ ಹಾಕಿದರೆ ಒಟ್ಟು ವ್ಯಾಸ ಸುಮಾರು 69 ಸೆಂ.ಮೀ. ಮೌಂಟನ್ ಬೈಕ್‌ಗಳಿಂದ ಬಂದ 26 ಇಂಚಿನ ಚಕ್ರದಲ್ಲಿ ಅದೇ ಜಾಗ 559 ಮಿ.ಮೀ. 40 ಮಿ.ಮೀ.ನ ದಪ್ಪ ಟೈರ್ ಹಾಕಿದರೂ ಒಟ್ಟು ವ್ಯಾಸ 64 ಸೆಂ.ಮೀ. ಮುಟ್ಟುತ್ತದೆ ಅಷ್ಟೇ. ಅಂದರೆ ಚಕ್ರದ ಅಂಚು ನಿಮ್ಮ ಕಾಲಿನಿಂದ ಎರಡೂವರೆ ಸೆಂ.ಮೀ. ದೂರ ಸರಿಯುತ್ತದೆ. ಹ್ಯಾಂಡಲ್ ಕೂಡ ಅಷ್ಟೇ ಕೆಳಗೆ ಬರಲು ಜಾಗವಾಗುತ್ತದೆ. ದೊಡ್ಡ ಆಳಿಗೆ ಎರಡೂವರೆ ಸೆಂ.ಮೀ. ಲೆಕ್ಕಕ್ಕಿಲ್ಲದಿರಬಹುದು. ನಮಗೆ ಬೀಳುವುದು, ಬೀಳದಿರುವುದು ಅದರಲ್ಲೇ ಇದೆ. ಇವೆರಡರ ನಡುವೆ 650ಬಿ ಅಥವಾ 27.5 ಇಂಚು ಎಂಬ ಅಳತೆ ಇದೆ, 584 ಮಿ.ಮೀ. ಅದೂ ಒಳ್ಳೆಯದೇ.

ಸಣ್ಣ ಫ್ರೇಮ್‌ಗೂ ದೊಡ್ಡ ಚಕ್ರವನ್ನೇ ಏಕೆ ಹಾಕುತ್ತಾರೆ? ಎಲ್ಲ ಸೈಜಿಗೂ ಒಂದೇ ರಿಮ್, ಒಂದೇ ಟೈರ್ ತರಿಸಿದರೆ ಕಂಪನಿಗೆ ಸಲೀಸು. ಆದರೆ ಆಗ ಸವಾರರ ಕಾಲು ಮುಂದಿನ ಚಕ್ರಕ್ಕೆ ತಾಗುತ್ತದೆ. ಅದನ್ನು ತಪ್ಪಿಸಲು ಫ್ರೇಮಿನ ಕೋನಗಳನ್ನು ತಿರುಚುತ್ತಾರೆ. ಸೀಟಿನ ಕೊಳವೆಯನ್ನು ನೆಟ್ಟಗೆ ಮಾಡುತ್ತಾರೆ, ಮುಂದಿನ ಕೊಳವೆಯನ್ನು ಜಾಸ್ತಿ ವಾಲಿಸುತ್ತಾರೆ. ಆಗ ಮೇಲಿನ ಬಾರಿನ ಉದ್ದ ಕಾಗದದ ಮೇಲೆ ಕಡಿಮೆ ಕಾಣುತ್ತದೆ. ಸೈಕಲ್ ಮಾತ್ರ ನಿಜಕ್ಕೂ ಗಿಡ್ಡ ಆಗಿರುವುದಿಲ್ಲ.

ಇದನ್ನು ಲೆಕ್ಕ ಹಾಕಿ ನೋಡಿ. ಸೀಟಿನ ಎತ್ತರ 62 ಸೆಂ.ಮೀ. ಇದ್ದಾಗ ಆ ಕೊಳವೆ ಒಂದು ಡಿಗ್ರಿ ನೆಟ್ಟಗಾದರೆ ಸೀಟು ಸುಮಾರು ಒಂದು ಸೆಂ.ಮೀ. ಮುಂದೆ ಬರುತ್ತದೆ. 73 ಡಿಗ್ರಿ ಇರಬೇಕಾದ ಕಡೆ 75 ಇದ್ದರೆ ಎರಡು ಸೆಂ.ಮೀ.ಗೂ ಹೆಚ್ಚು. ಪೆಡಲ್ ಸರಿಯಾಗಿ ತುಳಿಯಬೇಕೆಂದು ನೀವು ಸೀಟನ್ನು ಮತ್ತೆ ಹಿಂದಕ್ಕೆ ತಳ್ಳುತ್ತೀರಿ. ತಕ್ಷಣ ಹ್ಯಾಂಡಲ್ ದೂರವಾಗುತ್ತದೆ. ನನ್ನ ಭುಜದ ನೋವಿನ ಮೂಲ ಇದೇ ಎಂದು ಗೊತ್ತಾಗಲು ನನಗೆ ಬಹಳ ಕಾಲ ಹಿಡಿಯಿತು.

ಅದಕ್ಕೇ ಬಾರಿನ ಉದ್ದ ಬಿಟ್ಟು ಎರಡು ಸಂಖ್ಯೆ ಕೇಳಿ: ಸ್ಟ್ಯಾಕ್ ಮತ್ತು ರೀಚ್. ಎರಡನ್ನೂ ಪೆಡಲ್ ಅಚ್ಚಿನ ಮಧ್ಯದಿಂದ ಅಳೆಯುತ್ತಾರೆ. ಹ್ಯಾಂಡಲ್ ಕೂರುವ ಕೊಳವೆಯ ತುದಿ ಅಲ್ಲಿಂದ ಎಷ್ಟು ಮೇಲಿದೆ ಎನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಎನ್ನುವುದು ರೀಚ್. ಸೀಟಿನ ಕೋನ ಬದಲಾದರೂ ಇವು ಮೋಸ ಮಾಡುವುದಿಲ್ಲ. ನಿಮಗೆ ಹಿತವಾಗಿರುವ ಸೈಕಲ್ ಮನೆಯಲ್ಲೋ ಗೆಳೆಯರ ಹತ್ತಿರವೋ ಇದ್ದರೆ ಅದರ ಸಂಖ್ಯೆ ಬರೆದುಕೊಂಡು ಹೋಲಿಸಿ.

ಸಣ್ಣ ಚಕ್ರದ ದಾರಿ ಹೊಸದೇನಲ್ಲ. ಅಮೆರಿಕದ ಜಾರ್ಜಿನಾ ಟೆರ್ರಿ 1980ರ ದಶಕದಲ್ಲೇ ಮಹಿಳೆಯರಿಗಾಗಿ, ಹಿಂದೆ 700ಸಿ, ಮುಂದೆ 24 ಇಂಚಿನ ಸಣ್ಣ ಚಕ್ರ ಇರುವ ಸೈಕಲ್ ಮಾಡಿ ಮಾರಿದರು. ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕ್ಕರ್ ಎಂಬ ಟೂರಿಂಗ್ ಸೈಕಲ್ 42 ಸೆಂ.ಮೀ. ಫ್ರೇಮಿನಲ್ಲೂ ಬರುತ್ತಿತ್ತು, 26 ಇಂಚಿನ ಚಕ್ರದ ಜೊತೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಲೇಬೇಕಾದದ್ದು. ಬೈಕ್ ಫ್ರೈಡೇ ಕಂಪನಿಯವರು 20 ಇಂಚಿನ ಚಕ್ರದಲ್ಲೇ ದೂರ ಪ್ರಯಾಣದ ಸೈಕಲ್ ಮಾಡುತ್ತಾರೆ. ಸಣ್ಣ ಚಕ್ರಕ್ಕೆ ಗುಂಡಿಗಳು ಸ್ವಲ್ಪ ಜಾಸ್ತಿ ಗೊತ್ತಾಗುತ್ತವೆ, ನಿಜ. ದಪ್ಪ ಟೈರ್ ಹಾಕಿದರೆ ಆ ದೂರು ಬಹುಪಾಲು ಹೋಗುತ್ತದೆ. ಕಡ್ಡಿಗಳು ಗಿಡ್ಡವಾದ್ದರಿಂದ ಚಕ್ರ ಗಟ್ಟಿಯೂ ಆಗಿರುತ್ತದೆ.

ಒಂದು ಎಚ್ಚರಿಕೆ. "26 ಇಂಚು" ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಅಳತೆಗಳಿವೆ. ಹಳೆ ಕಾಲದ ಸೈಕಲ್‌ಗಳಲ್ಲಿ ಕಾಣುವ 26 × 1⅜ ಟೈರ್ 590 ಮಿ.ಮೀ. ರಿಮ್ಮಿನದು, 559ರ ರಿಮ್ಮಿಗೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 40-559 ಎಂಬಂತೆ ಅಚ್ಚಾಗಿರುವ ಸಂಖ್ಯೆಯನ್ನೇ ನಂಬಿ. ಹೋಗುವ ದಾರಿಯಲ್ಲಿ ಯಾವ ಅಳತೆಯ ಟೈರ್ ಸಿಗುತ್ತದೆ ಎಂದೂ ವಿಚಾರಿಸಿ.

ಕಾಲು ತಾಗುತ್ತದೆಯೇ, ನೋಡಿ

ಇದಕ್ಕೆ ಎರಡು ನಿಮಿಷ ಸಾಕು. ಪ್ರಯಾಣದಲ್ಲಿ ಹಾಕುವ ಶೂ ಹಾಕಿಕೊಂಡು ಸೀಟಿನ ಮೇಲೆ ಕೂತು, ಒಬ್ಬರಿಗೆ ಸೈಕಲ್ ಹಿಡಿದುಕೊಳ್ಳಲು ಹೇಳಿ. ಒಂದು ಪೆಡಲನ್ನು ನೇರ ಮುಂದಕ್ಕೆ ತನ್ನಿ. ಹ್ಯಾಂಡಲ್ ಮೆಲ್ಲಗೆ ಅದರ ವಿರುದ್ಧ ಕಡೆಗೆ ತಿರುಗಿಸಿ. ಶೂ ಟೈರಿಗೆ ತಾಗಿತೇ? ಮಡ್‌ಗಾರ್ಡ್ ಇಲ್ಲದ ಸೈಕಲ್ ಆದರೆ, ಮುಂದೆ ಅದನ್ನು ಹಾಕಿಸಲೆಂದು, ಶೂಗೂ ಟೈರಿಗೂ ನಡುವಿನ ಅಂತರದಲ್ಲಿ ಇನ್ನೂ ಒಂದು ಸೆಂ.ಮೀ. ಕಳೆಯಿರಿ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಅಷ್ಟು ತಿರುಗುವುದೇ ಇಲ್ಲ ಎಂದು ಅಂಗಡಿಯವರು ಹೇಳಬಹುದು. ಅದು ಸರಿ. ಆದರೆ ಟೂರಿಂಗ್ ಎಂದರೆ ಭಾರ ಹೊತ್ತು ಆಮೆಯ ವೇಗದಲ್ಲಿ ಏರು ಹತ್ತುವುದೂ ಹೌದು, ಅಲ್ವಾ? ಕಾಲು ತಾಗುವುದು ಅಲ್ಲೇ.

ಕ್ರ್ಯಾಂಕ್, ಹ್ಯಾಂಡಲ್, ಬ್ರೇಕ್

ಪೆಡಲ್ ಹಿಡಿದಿರುವ ಕ್ರ್ಯಾಂಕ್ ಹೆಚ್ಚಿನ ಸೈಕಲ್‌ಗಳಲ್ಲಿ 170 ಮಿ.ಮೀ. ಇರುತ್ತದೆ. ಗಿಡ್ಡ ಕಾಲಿಗೆ ಅದು ಉದ್ದ. ಪೆಡಲ್ ಮೇಲೆ ಬಂದಾಗಲೆಲ್ಲ ಮಂಡಿ ಅತಿಯಾಗಿ ಮಡಚುತ್ತದೆ. 155 ಅಥವಾ 160 ಕೇಳಿ. 15 ಮಿ.ಮೀ. ಕಡಿಮೆ ಮಾಡಿದರೆ ಸೀಟನ್ನು 15 ಮಿ.ಮೀ. ಏರಿಸಬಹುದು, ಶೂ ಕೂಡ ಮುಂದಿನ ಚಕ್ರದಿಂದ ಅಷ್ಟೇ ಹಿಂದೆ ಸರಿಯುತ್ತದೆ. ಇದೊಂದು ಬದಲಾವಣೆಗೆ ದುಡ್ಡು ಹಾಕಿದ್ದಕ್ಕೆ ನಾನು ಯಾವತ್ತೂ ಬೇಸರ ಪಟ್ಟಿಲ್ಲ.

ಹ್ಯಾಂಡಲ್ ಅಗಲ ಭುಜದ ಮೂಳೆಗಳ ಅಗಲಕ್ಕೆ ಸರಿಯಾಗಿರಲಿ. ಬಾಗಿದ ಹ್ಯಾಂಡಲ್ ಆದರೆ 36 ಅಥವಾ 38 ಸೆಂ.ಮೀ. ಇರುವುದೂ ಸಿಗುತ್ತದೆ. ಬ್ರೇಕ್ ಲಿವರ್ ಮೇಲೆ ಬೆರಳಿನ ಮೊದಲ ಗಿಣ್ಣು ಸಲೀಸಾಗಿ ಮಡಚಬೇಕು. ಬಹಳಷ್ಟು ಲಿವರ್‌ಗಳಲ್ಲಿ ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಅಲ್ಲೇ ತಿರುಗಿಸಿ ತೋರಿಸಲು ಹೇಳಿ. ಭಾರ ಹೊತ್ತು ಇಳಿಜಾರು ಇಳಿಯುವಾಗ ಬೆರಳು ಎಟುಕದಿದ್ದರೆ ಬೇರೆ ಏನಿದ್ದೂ ಪ್ರಯೋಜನವಿಲ್ಲ.

ಹ್ಯಾಂಡಲ್ ಹಿಡಿಯುವ ಸ್ಟೆಮ್ಮನ್ನು 80 ಮಿ.ಮೀ.ನಿಂದ 60ಕ್ಕೆ ಇಳಿಸುವುದು ಮಾಮೂಲು. ಆದರೆ ಅತಿ ಗಿಡ್ಡ ಸ್ಟೆಮ್ ಹಾಕಿ, ಸೀಟನ್ನೂ ಪೂರ್ತಿ ಮುಂದೆ ತಂದರೆ ಮಾತ್ರ ಕೈ ಎಟುಕುತ್ತದೆ ಎಂದಾದರೆ ಆ ಫ್ರೇಮ್ ನಿಮ್ಮದಲ್ಲ. ಒಪ್ಪಿಕೊಳ್ಳಬೇಡಿ.

ಗೇರ್ ಮತ್ತು ಭಾರ

48 ಕೆ.ಜಿ. ತೂಕದವರು 14 ಕೆ.ಜಿ. ಸೈಕಲ್, 18 ಕೆ.ಜಿ. ಸಾಮಾನು ಎಳೆದರೆ ಅದು ಅವರ ತೂಕದ ಮೂರರಲ್ಲಿ ಎರಡು ಪಾಲು. 80 ಕೆ.ಜಿ.ಯವರಿಗೆ ಅದೇ ಭಾರ ಐದರಲ್ಲಿ ಎರಡು ಪಾಲು. ಹಾಗಾಗಿ ನಮಗೆ ಇನ್ನೂ ಹಗುರದ ಗೇರ್ ಬೇಕು. ಮುಂದೆ 26 ಹಲ್ಲು, ಹಿಂದೆ 36 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಏರಿನಲ್ಲಿ ಅದು ಮಂಡಿ ಉಳಿಸುತ್ತದೆ. ಮುಂದೆ 34, ಹಿಂದೆ 34 ಕೊಟ್ಟು "ಸಾಕು" ಎಂದರೆ ಒಪ್ಪಬೇಡಿ.

ಸಣ್ಣ ಫ್ರೇಮಿನಲ್ಲಿ ನೀರಿನ ಬಾಟಲಿಗೆ ಜಾಗ ಕಡಿಮೆ. ಪಕ್ಕದಿಂದ ತೆಗೆಯುವ ಬಾಟಲ್ ಹಿಡಿಕೆ ಹಾಕಿಸಿ. ಸೀಟಿನ ಹಿಂದೆ ದೊಡ್ಡ ಚೀಲ ನೇತುಹಾಕುವ ಆಸೆ ಇದ್ದರೆ ಸೀಟಿಗೂ ಟೈರಿಗೂ ನಡುವಿನ ಅಂತರ ನೋಡಿ. ನಮ್ಮ ಸೈಕಲ್‌ಗಳಲ್ಲಿ ಆ ಚೀಲ ಟೈರಿಗೆ ಉಜ್ಜುವುದೇ ಹೆಚ್ಚು. ಕ್ಯಾರಿಯರ್ ಪಕ್ಕದ ಚೀಲಗಳೇ ವಾಸಿ.

ಓಡಿಸಿ ನೋಡುವ ದಿನ

ಖಾಲಿ ಸೈಕಲ್ ಎಲ್ಲರಿಗೂ ಚೆನ್ನಾಗಿ ಓಡುತ್ತದೆ. ನಿಮ್ಮ ಚೀಲಗಳಲ್ಲಿ ನೀರಿನ ಬಾಟಲಿ, ಪುಸ್ತಕ, ಏನಾದರೂ ತುಂಬಿ 12–15 ಕೆ.ಜಿ. ಮಾಡಿಕೊಂಡು ಹೋಗಿ. ಸುಮ್ನೆ ಒಂದು ಸುತ್ತು ಹೊಡೆದು ಬರಬೇಡಿ. ಒಂದು ಗಂಟೆ ಓಡಿಸಿ. ಏರು ಹತ್ತಿ, ನಿಧಾನವಾಗಿ ಪೂರ್ತಿ ತಿರುಗಿಸಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿರಿ. ಮೊಣಕೈ ಸ್ವಲ್ಪ ಮಡಚಿಕೊಂಡೇ ಇರಬೇಕು. ಅಂಗೈ ಜೋಮು ಹಿಡಿದರೆ, ಮತ್ತೆ ಮತ್ತೆ ಸೀಟಿನ ಮೂತಿಗೆ ಜಾರುತ್ತಿದ್ದರೆ, ಹ್ಯಾಂಡಲ್ ದೂರವಿದೆ ಎಂದೇ ಅರ್ಥ. ಹಿಮ್ಮಡಿ ಹಿಂದಿನ ಚೀಲಕ್ಕೆ ತಾಗುತ್ತದೆಯೇ ಎಂದೂ ನೋಡಿ.

ಬೆಲೆ ಮಾತಾಡುವಾಗ ಸ್ಟೆಮ್, ಹ್ಯಾಂಡಲ್, ಕ್ರ್ಯಾಂಕ್ ಬದಲಾವಣೆಯನ್ನೂ ಅದರಲ್ಲೇ ಸೇರಿಸಿ ಕೇಳಿ. ಆಗ ತೆಗೆದ ಭಾಗಗಳು ಹೊಸದಾಗೇ ಇರುತ್ತವೆ, ಅಂಗಡಿಯವರಿಗೆ ವಾಪಸ್ ಇಟ್ಟುಕೊಳ್ಳಲು ತೊಂದರೆ ಇಲ್ಲ. ಮೂರು ತಿಂಗಳು ಬಿಟ್ಟು ಹೋದರೆ ಪೂರ್ತಿ ದುಡ್ಡು ನಿಮ್ಮದೇ. ಯಾವ ಸಿದ್ಧ ಫ್ರೇಮೂ ಹೊಂದದಿದ್ದರೆ, ಅಳತೆ ಕೊಟ್ಟು ಫ್ರೇಮ್ ಮಾಡಿಸುವ ದಾರಿ ಇದೆ. ದುಬಾರಿ, ಕಾಯಲೂ ಬೇಕು. ಆದರೂ ಹೊಂದದ ಸೈಕಲ್ ಎರಡು ಸಲ ಕೊಳ್ಳುವುದಕ್ಕಿಂತ ಅದು ಮೇಲು.

ಮನೆಗೆ ತಂದ ದಿನವೇ ಸೀಟಿನ ಕಂಬ ಫ್ರೇಮಿನೊಳಗೆ ಇಳಿಯುವ ಕಡೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ. ಬಸ್ಸು, ರೈಲು, ವಿಮಾನಕ್ಕೆ ಹಾಕಲು ಸೀಟು ಕಳಚುವುದು ಇದ್ದೇ ಇದೆ. ಮತ್ತೆ ಜೋಡಿಸುವಾಗ ಟೇಪ್ ಮುಟ್ಟುವವರೆಗೆ ಇಳಿಸಿದರೆ ಸಾಕು, ಎತ್ತರ ತಪ್ಪುವುದಿಲ್ಲ.